ಅರ್ಧ ಕಳೆ ಕಿತ್ತ ಹೊಲ: ಡಾ. ಇಂದ್ರಮ್ಮನವರಿಗೆ ಅಭಿನಂದನೆ

ನಮ್ಮ ಸೀಮೆಯಲ್ಲಿ ವೈದ್ಯರೆಂದರೆ ನಾಡಿ ಹಿಡಿಯುವವರು, ಸೂಜಿ ಚುಚ್ಚುವವರು. ರೋಗಾಣುವನ್ನು ಬೆಳೆಸಿ ನೋಡಿ ಅದಕ್ಕೆ ಯಾವ ಮದ್ದು ನಾಟುತ್ತದೆಂದು ಹೇಳುವವರಿಗೆ ಹಾರ ಹಾಕುವ ವಾಡಿಕೆಯಿಲ್ಲ. ಮಂಡ್ಯದ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಆಯುಷ್ಯದ ಬಹುಪಾಲನ್ನು ಸವೆಸಿ ಈಗ ನಿವೃತ್ತರಾಗುತ್ತಿರುವ ಡಾ. ಇಂದ್ರಮ್ಮನವರು ಅಂಥವರಲ್ಲಿ ಅಗ್ರಗಣ್ಯರು. ಅವರ ಮಾತಿಗೆ ಕಿವಿಗೊಡದ ಊರು ಅವರಿಗೆ ಶಾಲು ಹೊದಿಸಲು ಮಾತ್ರ ತುದಿಗಾಲಲ್ಲಿ ನಿಂತಿದೆ.

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯ ಒಕ್ಕಲು ಮನೆಯಲ್ಲಿ ಹುಟ್ಟಿದ ಅವರು ಪಾಠ ಹೇಳುತ್ತಿದ್ದುದೂ ಹೊಲದ ಮಾತಿನಲ್ಲೇ. ರೋಗಾಣು ಬೆಳೆಸಿದ ಗಾಜಿನ ತಟ್ಟೆಯ ಮೇಲೆ ಔಷಧದ ಬಿಲ್ಲೆಗಳನ್ನಿಟ್ಟು, ಬಿಲ್ಲೆಯ ಸುತ್ತ ರೋಗಾಣು ಬೆಳೆಯಲಾರದೆ ತೆರವಾದ ವೃತ್ತವನ್ನು ಶಿಷ್ಯರಿಗೆ ತೋರಿಸುತ್ತ ಕೇಳುತ್ತಿದ್ದರು: "ಅರ್ಧ ಕಳೆ ಕಿತ್ತು ಎದ್ದೋದ್ರೆ ಏನಾಯ್ತದೆ? ಎಳೇವು ಓಯ್ತವೆ, ಗಟ್ಟಿ ಬೇರಿನವು ಉಳ್ಕತವೆ. ಆಮ್ಯಾಲೆ ಒಲದ ತುಂಬ ಅವುಗಳ ಮಕ್ಳುಮರೀನೇ." ಮದ್ದು ರೋಗಾಣುವಿಗೆ ಬಲ ಕೊಡುವುದಿಲ್ಲ, ಮದ್ದನ್ನು ತಡೆದುಕೊಳ್ಳುವ ಗುಣ ಆಕಸ್ಮಿಕವಾಗಿ ಪಡೆದ ಕೆಲವಕ್ಕೆ, ಮಿಕ್ಕವನ್ನು ಕೊಂದು, ಜಾಗ ಬಿಡಿಸಿಕೊಡುತ್ತದೆ ಅಷ್ಟೆ.

ವರದಿ ಬರೆದು ಕೈತೊಳೆದುಕೊಂಡವರಲ್ಲ ಅವರು. ವಾರ್ಡಿಗೆ ನಡೆದು, ಹಾಸಿಗೆಯ ಪಕ್ಕ ನಿಂತು, "ಜ್ವರ ಬುಟ್ರೂ ಮಾತ್ರೆ ಬುಡಬ್ಯಾಡಿ ಕಣಮ್ಮ" ಎಂದು ಹೇಳಿ ಬರುತ್ತಿದ್ದರು. ಹನಕೆರೆಯಿಂದ ರೈಲಿನಲ್ಲಿ ಬರುತ್ತಿದ್ದ ಶಿಷ್ಯೆ ಚಂದನ ಹಸಿದು ಬಂದ ದಿನ ತಮ್ಮ ಬುತ್ತಿಯ ಮುದ್ದೆ ಮುರಿದು ಉಣಿಸಿದ ಮೇಲೆಯೇ ಕೆಲಸಕ್ಕೆ ಬಿಡುತ್ತಿದ್ದರು.

ಆದರೆ ಊರಿಗೆ ಹೇಳಿದ ಬುದ್ಧಿ ಮನೆಗೆ ನಾಟಲಿಲ್ಲ. ತಾಯಿ ಚಲುವಮ್ಮನವರಿಗೆ ಮಿಕ್ಕ ಅನ್ನ ಚೆಲ್ಲುವುದೂ ಮಿಕ್ಕ ಮಾತ್ರೆ ಬಿಸಾಡುವುದೂ ಒಂದೇ ಪಾಪ. ಜ್ವರ ಇಳಿದದ್ದೇ ತಡ, ಉಳಿದ ಮಾತ್ರೆ ಎಲೆಅಡಿಕೆ ಚೀಲ ಸೇರುತ್ತಿತ್ತು. ಕೇರಿಯಲ್ಲಿ ಯಾರ ಮೈ ಬಿಸಿಯಾದರೂ ಚೀಲ ಬಿಚ್ಚಿಕೊಳ್ಳುತ್ತಿತ್ತು. ಮಗಳು ರೇಗಿದರೆ, "ಜ್ವರ ಬುಟ್ಮ್ಯಾಲೆ ಯಾಕವ್ವಾ ನುಂಗ್ಬೇಕು? ಇನ್ಯಾರ್ಗಾದ್ರೂ ಆಯ್ತದೆ" ಎನ್ನುತ್ತಿದ್ದರು. ಮದ್ದೂರಿನಲ್ಲಿ ಔಷಧಿ ಅಂಗಡಿ ಇಟ್ಟ ತಮ್ಮ ಯತೀಶನಂತೂ ಡಾಕ್ಟರ ಚೀಟಿ ಕೇಳದೆ ಬಿಡಿ ಮಾತ್ರೆ ಕೊಟ್ಟು, ಕೈಗುಣ ಒಳ್ಳೆಯದೆಂದು ಹೆಸರು ಮಾಡಿದ. ತಾಯಿಗೆ ಉರಿಮೂತ್ರ ಬಂದಾಗಲೆಲ್ಲ ಅವನ ಮಾತ್ರೆಯೇ ಗತಿ.

ಕಳೆದ ವರ್ಷ ಆ ಸೋಂಕು ರಕ್ತಕ್ಕೇರಿ ಚಲುವಮ್ಮ ಮಗಳ ಆಸ್ಪತ್ರೆಗೇ ಬಂದರು. ತಟ್ಟೆ ಸಿದ್ಧವಾದ ಬೆಳಗ್ಗೆ ಚಂದನ ಅಡ್ಡ ನಿಂತಳು: "ನಾನು ನೋಡ್ತೀನಿ ಮೇಡಂ, ನೀವು ಅಮ್ಮನ ಹತ್ರ ಇರಿ."

"ಕೊಡಮ್ಮ ಇಲ್ಲಿ," ಎಂದರು ಇಂದ್ರಮ್ಮ.

ಯಾವ ಬಿಲ್ಲೆಯ ಸುತ್ತಲೂ ವೃತ್ತವಿರಲಿಲ್ಲ. ತಟ್ಟೆಯ ಅಂಚಿನವರೆಗೆ ರೋಗಾಣು ದಟ್ಟವಾಗಿ ಬೆಳೆದಿತ್ತು. ಸಾವಿರಾರು ರೋಗಿಗಳಿಗೆ ಮದ್ದಿನ ಹೆಸರು ಹೇಳಿದ ಬಾಯಿಗೆ ಹೆತ್ತ ತಾಯಿಗಾಗಿ ಹೇಳಲು ಒಂದು ಹೆಸರೂ ಉಳಿದಿರಲಿಲ್ಲ. ಆ ವಾರವೇ ಚಲುವಮ್ಮ ತೀರಿಕೊಂಡರು.

ತಿಥಿ ಮುಗಿಸಿ ಅಕ್ಕ ಮದ್ದೂರಿಗೆ ಹೋದಾಗ ಯತೀಶ ಬೆಸಗರಹಳ್ಳಿಯ ಗಿರಾಕಿಗೆಂದು ಮಾತ್ರೆಯ ಪಟ್ಟಿಯನ್ನು ಕತ್ತರಿಯಲ್ಲಿ ತುಂಡು ಮಾಡುತ್ತಿದ್ದ.

"ಅವ್ವ ಓದ್ಮ್ಯಾಲೂ ಇದೇನ್ಲಾ?"

"ನಾನ್ ಕೊಡ್ದಿದ್ರೆ ಪಕ್ಕದಂಗ್ಡಿಯೋನ್ ಕೊಡ್ತಾನೆ, ಬುಡಕ್ಕ."

ಅಂದಿನಿಂದ ಅವರು ಆ ಅಂಗಡಿಯ ಮೆಟ್ಟಿಲು ಹತ್ತಿಲ್ಲ.

ಈ ಬೀಳ್ಕೊಡುಗೆ ಸಮಾರಂಭದ ಶಾಲು ಔಷಧಿ ವ್ಯಾಪಾರಿಗಳ ಕೊಡುಗೆ. ಹೊದಿಸುವವನು ಒಡಹುಟ್ಟಿದವನೇ ಆದರೆ ಚೆನ್ನಾಗಿರುತ್ತದೆಂದು ಅಭಿನಂದನ ಸಮಿತಿಯವರು ಒಪ್ಪಿಗೆ ಕೇಳಲು ಹೋದರು. ಇಂದ್ರಮ್ಮನವರು ಹೇಳಿದರು: "ಆ ಕತ್ರಿ ತಂದು ನನ್ ಕೈಗೆ ಕೊಡ್ಲಿ. ಆಮ್ಯಾಲೆ ಸಾಲು ಒದ್ಕತೀನಿ."

ಈ ಅಭಿನಂದನ ಸಂಪುಟ ಅಚ್ಚಿಗೆ ಹೋಗುತ್ತಿದೆ. ಶಾಲು ಬಂದಿದೆ, ಕತ್ತರಿ ಬಂದಿಲ್ಲ. ಡಾ. ಇಂದ್ರಮ್ಮನವರು ನೂರು ಕಾಲ ಬಾಳಲಿ, ಹೊಸ ಶಿಷ್ಯರಿಗೆ ಪಾಠ ಹೇಳುತ್ತಿರಲಿ. ಅವರಿಗೆ ಜ್ವರ ಬಂದ ದಿನ, ನಾಟುವ ಮದ್ದೊಂದು ನಮ್ಮಲ್ಲಿ ಉಳಿದಿರಲಿ.