ಬಲ ಒಸಡು, ಎಡ ಒಸಡು

ನಾನು ಮಾತಿನಿಂದ ಹೊಟ್ಟೆ ಹೊರೆದವನು. ಹೊಸದುರ್ಗದ ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿದ್ದೆ. ಮಾತಾಡಿದ್ದಕ್ಕೆ ಸಂಬಳ ಬರುತ್ತಿತ್ತು; ಸಂಬಳ ಬರದ ಕಡೆಯೂ ಮಾತಾಡುತ್ತಿದ್ದೆ. ಮದುವೆ, ನಾಮಕರಣ, ಯಾರಿಗಾದರೂ ವರ್ಗವಾದರೆ ಬೀಳ್ಕೊಡುಗೆ, ಹೀಗೆ ಎಲ್ಲಿ ಜನ ಕೂತಿದ್ದರೂ ಎದ್ದು ನಿಂತು ಎರಡು ಮಾತು ಹೇಳಿಯೇ ಕೂರುತ್ತಿದ್ದೆ. ಉಚ್ಚಾರಣೆಯ ವಿಷಯದಲ್ಲಂತೂ ನನಗೆ ವಿಪರೀತ ಅಭಿಮಾನ. ಸ, ಶ, ಷ ಮೂರನ್ನೂ ಬೇರೆ ಬೇರೆಯಾಗಿ ನುಡಿಯಬಲ್ಲವನು ಇಡೀ ತಾಲ್ಲೂಕಿಗೆ ನಾನೊಬ್ಬನೇ ಎಂದು ನಂಬಿದ್ದೆ. ಹುಡುಗರು 'ಶಾಲೆ'ಯನ್ನು 'ಸಾಲೆ' ಎಂದರೆ ತಿದ್ದಿ ತಿದ್ದಿ ಅಳಿಸುತ್ತಿದ್ದೆ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮರುವರ್ಷ ಇರಬೇಕು, ನನಗಿನ್ನೂ ನಲವತ್ತು ಆಗಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬರತೊಡಗಿತು. ರಕ್ತ ಬರುತ್ತದೆಂದು ಉಜ್ಜುವುದನ್ನೇ ಕಡಿಮೆ ಮಾಡಿದೆ. ಆ ರೋಗವನ್ನು ಸಾಕಿ ಬೆಳೆಸಲು ಅದಕ್ಕಿಂತ ಒಳ್ಳೆಯ ಉಪಚಾರ ಇನ್ನೊಂದಿಲ್ಲ ಎಂದು ಆಮೇಲೆ ತಿಳಿಯಿತು. ಹೆಂಡತಿ ಒಂದು ದಿನ, "ರೀ, ಬಾಯಿ ವಾಸ್ನೆ ಬರ್ತೈತೆ. ಯಾರಾದ್ರೂ ಡಾಕ್ಟ್ರಿಗೆ ತೋರ್ಸ್ರಿ" ಅಂದಳು. "ಅದು ಬೆಳ್ಳುಳ್ಳಿ ವಾಸನೆ" ಅಂದೆ. "ಮನೇಲಿ ಬೆಳ್ಳುಳ್ಳಿ ಖಾಲಿಯಾಗಿ ಒಂದು ವಾರ ಆಯ್ತು" ಅಂದಳು. ನಾನು ವಿಷಯ ಬದಲಿಸಿದೆ. ವಿಷಯ ಬದಲಿಸುವುದರಲ್ಲಿ ನನಗೆ ಒಳ್ಳೆಯ ಕೈ.

ಅದೇ ಹೊತ್ತಿಗೆ ನನ್ನ ನಾದಿನಿಗೆ ಹೊಳಲ್ಕೆರೆಯಿಂದ ಒಂದು ಸಂಬಂಧ ಬಂತು. ನನ್ನ ಮಾವನವರಿಗೆ ನಾಲ್ಕು ಜನರೆದುರು ಮಾತು ಹೊರಡುವುದಿಲ್ಲ. ಹಾಗಾಗಿ ಗಂಡಿನ ಮನೆಗೆ ಹೋಗುವಾಗ ಮಾತಿಗೆಂದು ನನ್ನನ್ನು ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾನು ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಹೋಗಿ ಕೂತ ಕೂಡಲೇ ಗಂಡಿನ ತಾಯಿ ತಟ್ಟೆಯಲ್ಲಿ ಕೋಡುಬಳೆ ತಂದಿಟ್ಟರು. ಗಟ್ಟಿಯಾದ, ಗರಿಗರಿಯಾದ ಕೋಡುಬಳೆ. ಒಂದನ್ನು ಕಚ್ಚಿದೆ. ಕೋಡುಬಳೆ ಮುರಿಯಲಿಲ್ಲ. ಮುಂದಿನ ಹಲ್ಲೊಂದು ಬುಡ ಸಮೇತ ಕಿತ್ತುಬಂದು ನಾಲಿಗೆಯ ಮೇಲೆ ಬಿತ್ತು.

ನೋವೇ ಇರಲಿಲ್ಲ. ಹಣ್ಣಾದ ಎಲೆ ಉದುರುವ ಹಾಗೆ ಉದುರಿತ್ತು. ಕೆಮ್ಮಿದವನಂತೆ ಕರವಸ್ತ್ರವನ್ನು ಬಾಯಿಗೆ ಹಿಡಿದು ಹಲ್ಲನ್ನು ಅದರಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಆಮೇಲೆ ತುಟಿ ಬಿಗಿದು ಕೂತವನು ಮತ್ತೆ ಬಿಚ್ಚಲಿಲ್ಲ. ಗಂಡಿನ ತಂದೆ ಹೆಣ್ಣಿನ ಓದಿನ ಬಗ್ಗೆ ಕೇಳಿದರು, ತಲೆಯಾಡಿಸಿದೆ. ಜಾತಕದ ಬಗ್ಗೆ ಕೇಳಿದರು, ಕಣ್ಣು ಮುಚ್ಚಿ ಕೈಯನ್ನು ಮೇಲಕ್ಕೆ ತೋರಿಸಿದೆ. ಮಾವನವರು ದಿಕ್ಕು ತೋಚದೆ ನನ್ನ ಮುಖ ನೋಡಿದರು, ಕೊನೆಗೆ ಅವರೇ ತಡವರಿಸುತ್ತ ನಾಲ್ಕು ಮಾತಾಡಿ ಮುಗಿಸಿದರು. ಕೆಲಸ ಕೆಟ್ಟಿತೆಂದೇ ನಾನು ತಿಳಿದಿದ್ದೆ. ಆದರೆ ಅವರ ಕಡೆಯಿಂದ ಒಪ್ಪಿಗೆ ಬಂತು. ಗಂಡಿನ ತಂದೆ ಯಾರೊಡನೆಯೋ ಅಂದರಂತೆ: "ಆ ಮನೆಯ ಅಳಿಯ ಅದಾನಲ್ಲ, ಮೇಷ್ಟ್ರಾದ್ರೂ ಎಷ್ಟು ಗಂಭೀರ. ಒಂದು ಮಾತು ಹೆಚ್ಚಿಲ್ಲ. ಅಂಥಾ ಮನೆತನನೇ ಬೇಕು ನಮಗೆ." ಇದನ್ನು ಕೇಳಿ ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಬಹಳ ಹೊತ್ತು ನಕ್ಕಳು.

ಆಮೇಲೆ ಹಲ್ಲು ತೋರಿಸಲು ಜಿಲ್ಲಾ ಕೇಂದ್ರವಾದ ದುರ್ಗಕ್ಕೆ ಹೋಗಲೇಬೇಕಾಯಿತು. ಹೊಳಲ್ಕೆರೆಯಲ್ಲಿ ಬಸ್ಸು ನಿಂತಾಗ ಬೀಗರ ಪೈಕಿ ಯಾರಾದರೂ ಮಾತಾಡಿಸಿಯಾರೆಂದು ಪೇಪರಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದೆ. ಆಗ ಬೆಂಗಳೂರಿನಿಂದ ಒಬ್ಬ ಎಳೆಯ ದಂತವೈದ್ಯರು ವಾರಕ್ಕೊಮ್ಮೆ ದುರ್ಗದ ಆಸ್ಪತ್ರೆಗೆ ಬರುತ್ತಿದ್ದರು. ಮೇಲಿನ ಪದವಿಗಾಗಿ ಒಸಡು ರೋಗದ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಸಣಕಲು ದೇಹ, ದಪ್ಪ ಕನ್ನಡಕ, ಬಹಳ ಮೆಲುಮಾತು. ನನ್ನ ಬಾಯಿ ನೋಡಿ ಅವರ ಮುಖ ಅರಳಿತು.

"ತುಂಬಾ ಒಳ್ಳೆ ಕೇಸು ಸಾರ್ ನಿಮ್ಮದು. ಎರಡೂ ಕಡೆ ಒಂದೇ ಸಮ ಕೆಟ್ಟಿದೆ."

ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಅವರು ವಿವರಿಸಿದ್ದು ಇಷ್ಟು. ರೋಗ ಬಂದ ಒಸಡು ಹಲ್ಲಿನಿಂದ ಬಿಟ್ಟುಕೊಂಡು ನಡುವೆ ಒಂದು ಸಂದಿ ಆಗುತ್ತದೆ. ಅದಕ್ಕೆ ಪಾಕೆಟ್ ಅನ್ನುತ್ತಾರೆ. ಆ ಸಂದಿಯನ್ನು ಎರಡು ಬಗೆಯಲ್ಲಿ ವಾಸಿಮಾಡಬಹುದು. ಒಂದು, ಒಸಡನ್ನು ಕೊಯ್ದು ಬಿಡಿಸಿ, ಹಲ್ಲಿನ ಬೇರನ್ನು ಕಣ್ಣಾರೆ ನೋಡಿ ಶುದ್ಧಮಾಡಿ ಮತ್ತೆ ಹೊಲಿಯುವುದು. ಇನ್ನೊಂದು, ಕೊಯ್ಯದೆ ಮೇಲಿನಿಂದಲೇ ಕೆರೆದು ಶುದ್ಧಮಾಡುವುದು. ಯಾವುದು ಮೇಲು ಎಂದು ತಿಳಿಯಲು ಒಂದೇ ಬಾಯಿಯ ಒಂದು ಪಕ್ಕಕ್ಕೆ ಕೊಯ್ಯುವ ಚಿಕಿತ್ಸೆ, ಇನ್ನೊಂದು ಪಕ್ಕಕ್ಕೆ ಕೆರೆಯುವ ಚಿಕಿತ್ಸೆ. ಮುಂದೆ ಉದುರಿದ ಹಲ್ಲಿನ ಜಾಗಕ್ಕೆ ಕೊನೆಯಲ್ಲಿ ಕಟ್ಟಿಸುವ ಹಲ್ಲು.

"ಬಲಗಡೆ ಶುಭ. ಕೊಯ್ಯುವುದನ್ನು ಬಲಕ್ಕೇ ಮಾಡಿ" ಅಂದೆ.

"ಹಾಗೆಲ್ಲ ಆರಿಸೋ ಹಾಗಿಲ್ಲ ಸಾರ್. ಚೀಟಿ ಎತ್ತಬೇಕು" ಅಂದರು. ಎತ್ತಿದರು. ಬಲಕ್ಕೇ ಬಂತು. ನನ್ನ ಅದೃಷ್ಟವೇ ಅದೃಷ್ಟ ಎಂದು ಹಿಗ್ಗಿದೆ. ಅದೃಷ್ಟ ಎಂಥದೆಂದು ಸೂಜಿ ಒಸಡಿಗೆ ಇಳಿದಾಗ ತಿಳಿಯಿತು.

ಹೊರಗಿನ ಬೆಂಚಿನಲ್ಲಿ ನನ್ನ ಜೊತೆಗೆ ಕೂರುತ್ತಿದ್ದವರು ಮತ್ತೋಡು ಕಡೆಯ ಒಬ್ಬ ಕುರಿಗಾರ ಯಜಮಾನರು. ಅವರ ಬಾಯಿಯೂ ಇದೇ ಸಂಶೋಧನೆಯ ಪಾಲಾಗಿತ್ತು. ಡಾಕ್ಟರು ಪಾಕೆಟ್ ಅಂದದ್ದನ್ನು ನಾನು ಅವರಿಗೆ ಬಿಡಿಸಿ ಹೇಳಿದೆ.

"ಬಾಯಾಗೆ ಜೇಬು ಐತೇನ್ರಿ?" ಅಂದರು. "ನನ್ ಅಂಗಿಗೇ ಇಲ್ಲವಲ್ಲ."

ಆಮೇಲೆ ನನ್ನ ಗಲ್ಲ ಹಿಡಿದು, ಕೇಳದೆಯೇ ತುಟಿ ಮೇಲೆತ್ತಿ ನೋಡಿದರು. ಕುರಿಯ ವಯಸ್ಸನ್ನು ಹಲ್ಲಿನಲ್ಲಿ ನೋಡುವ ರೂಢಿಯ ಕೈ ಅದು. "ಕುರಿ ಆಗಿದ್ರೆ ನಿಮ್ಮನ್ನ ಹೋದ್ ವರ್ಷನೇ ಸಂತೆಗೆ ಹೊಡೀತಿದ್ದೆ ಮೇಷ್ಟ್ರೇ" ಅಂದರು. ಅದರಲ್ಲಿ ಕುಹಕವಿರಲಿಲ್ಲ. ಕಂಡದ್ದನ್ನು ಹೇಳಿದ್ದರು.

ಬಲಗಡೆಯ ಆಪರೇಷನ್ ಆಯಿತು. ಹೊಲಿಗೆಯ ಮೇಲೆ ಲವಂಗದ ವಾಸನೆಯ ಗುಲಾಬಿ ಬಣ್ಣದ ಮುದ್ದೆಯೊಂದನ್ನು ಮೆತ್ತಿದರು. ಅದು ಉದುರಬಾರದು, ಆದಷ್ಟೂ ಮಾತಾಡಬೇಡಿ ಅಂದರು. ಒಂದು ವಾರ ಮನೆಯಲ್ಲಿ ಸನ್ನೆಯಲ್ಲೇ ಬದುಕಿದೆ. ಅಷ್ಟು ನೆಮ್ಮದಿಯ ವಾರವನ್ನು ಮದುವೆಯಾದ ಮೇಲೆ ಕಂಡಿರಲಿಲ್ಲ ಎಂದು ಹೆಂಡತಿ ಪಕ್ಕದ ಮನೆಯವರಿಗೆ ಹೇಳಿದ್ದು ನನಗೂ ಕೇಳಿಸಿತು. ಎಡಗಡೆಯದು ಬರೀ ಕೆರೆತ; ಅವತ್ತೇ ಮನೆಗೆ ಬಂದು ರೊಟ್ಟಿ ತಿಂದೆ. ಅಂದಿನಿಂದ ಬಲಗಡೆ ನನ್ನ ವೀರಪುತ್ರನಂತೆ, ಎಡಗಡೆ ಸೋಮಾರಿ ತಮ್ಮನಂತೆ ಕಾಣತೊಡಗಿದವು. ಕಂಡವರಿಗೆಲ್ಲ ಬಲಗೆನ್ನೆ ಮುಟ್ಟಿ ತೋರಿಸಿ ವಿಜ್ಞಾನಕ್ಕೆ ನಾನು ಕೊಟ್ಟದ್ದನ್ನು ಹೇಳಿದ್ದೇ ಹೇಳಿದ್ದು.

ಉದುರಿದ ಹಲ್ಲಿನ ಪಕ್ಕದ್ದೂ ಅಲ್ಲಾಡುತ್ತಿತ್ತು, ಅದನ್ನೂ ಕಿತ್ತರು. ಒಸಡು ಗಟ್ಟಿಯಾಗುವ ತನಕ ಇರಲೆಂದು ತೆಗೆದು ಹಾಕುವ ಒಂದು ಹಲ್ಲಿನ ಸೆಟ್ಟು ಮಾಡಿಕೊಟ್ಟರು. ನೋಡಲು ಚೆನ್ನಾಗಿತ್ತು. ಆದರೆ ಬಾಯಲ್ಲಿ ಸಕಾರ ಬಂದರೆ ಸಾಕು, ಹಲ್ಲಿನ ಸಂದಿಯಿಂದ ಉದ್ದನೆಯ ಶಿಳ್ಳೆ ಹೊರಡುತ್ತಿತ್ತು. ಸ, ಶ, ಷ ಮೂರೂ ಒಂದೇ ಶಿಳ್ಳೆ. ತರಗತಿಯಲ್ಲಿ ಸಂಸ್ಕೃತ ಸಂಧಿ ಪಾಠ ಮಾಡುವಾಗ ಹುಡುಗರು ಉಸಿರು ಬಿಗಿಹಿಡಿದು ಕೂರುತ್ತಿದ್ದರು. ನನ್ನ ಪಾಠವನ್ನು ಅಷ್ಟು ಗಮನವಿಟ್ಟು ಅವರು ಮೊದಲೆಂದೂ ಕೇಳಿರಲಿಲ್ಲ.

ಹೀಗಿರುವಾಗ ಒಸಡಿನ ಮರುಪರೀಕ್ಷೆಯ ದಿನ ಬಂತು, ಯಜಮಾನರು ಬರಲಿಲ್ಲ. ಮುಂದಿನ ವಾರವೂ ಇಲ್ಲ. ಡಾಕ್ಟರು ಕಂಗಾಲಾದರು. ಅರ್ಧಕ್ಕೆ ಬಿಟ್ಟುಹೋದ ಬಾಯಿ ಲೆಕ್ಕಕ್ಕೆ ಬರುವುದಿಲ್ಲವಂತೆ. ಮತ್ತೋಡಿನವರನ್ನು ವಿಚಾರಿಸಿದರೆ, ಕುರಿ ಹೊಡೆದುಕೊಂಡು ಹಿರಿಯೂರಿನ ಆಚೆ ಆದಿವಾಲದ ಹೊಲಗಳಲ್ಲಿ ಮಂದೆ ತರುಬಲು ಹೋಗಿದ್ದಾರೆಂದು ತಿಳಿಯಿತು. ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವ ಕಾಲ ಅದು.

"ನೀವೂ ಬನ್ನಿ ಸಾರ್. ನಿಮ್ಮ ಮಾತು ಅವರು ಕೇಳ್ತಾರೆ" ಅಂದರು ಡಾಕ್ಟರು. ಆ ಮಾತಿಗೆ ನಾನು ಮಂಗಳೂರಿಗೆ ಬೇಕಾದರೂ ಹೋಗುತ್ತಿದ್ದೆ.

ಬಸ್ಸಿಳಿದು ಹೊಲ ಹೊಲ ತಿರುಗಿ ನಡುಮಧ್ಯಾಹ್ನಕ್ಕೆ ಮಂದೆ ಸಿಕ್ಕಿತು. ಕುರಿಗಳು ಒಂದಕ್ಕೊಂದು ತಲೆಕೊಟ್ಟು ಜಾಲಿ ನೆರಳಿನಲ್ಲಿ ಮಲಗಿದ್ದವು. ನಾಯಿಗಳು ಕಣ್ಣು ಮುಚ್ಚಿದ್ದವು. ಯಜಮಾನರು ನಮ್ಮನ್ನು ಕಂಡು ಎದ್ದರು.

"ಬರ್ರಿ ಮೇಷ್ಟ್ರೇ. ಡಾಕ್ಟ್ರೇ, ಕಂಬ್ಳಿ ಮ್ಯಾಲೆ ಕುಂತ್ಕಳ್ರಿ."

"ಯಾಕೆ ಬರಲಿಲ್ಲ ನೀವು?" ಡಾಕ್ಟರು ಕೇಳಿದರು.

"ಬಾಯಿ ವಾಸಿ ಆಗೈತಲ್ಲ. ವಾಸಿ ಆದ್ಮ್ಯಾಲೆ ಯಾತಕ್ಕೆ ಬರ್ಲಿ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ. "ಯಜಮಾನ್ರೇ, ಸಂಶೋಧನೆ ಎಂದರೆ ಸಮಸ್ತ ಸಮಾಜದ ಸೌಖ್ಯಕ್ಕಾಗಿ ಸರ್ವರ ಸಹಕಾರದಿಂದ ಸಾಗಬೇಕಾದ ಸತ್ಕಾರ್ಯ" ಎಂದು ಶುರುಮಾಡಿದೆ. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ವಾಕ್ಯ. ಮೊದಲ ಶಿಳ್ಳೆಗೆ ನಾಯಿಗಳು ಕಿವಿ ನಿಮಿರಿಸಿದವು. ಮೂರನೆಯದಕ್ಕೆ ಎದ್ದು ಓಡಿದವು. 'ಸತ್ಕಾರ್ಯ' ಎನ್ನುವ ಹೊತ್ತಿಗೆ ಮಂದೆ ಪೂರ್ತಿ ಎದ್ದು, ಹೊರಡುವ ಅಪ್ಪಣೆಯಾಯಿತೆಂದು ತಿಳಿದು ಪಕ್ಕದವರ ಕಡಲೆ ಹೊಲದ ಕಡೆ ನಡೆದಿತ್ತು.

"ಮೇಷ್ಟ್ರೇ, ಸುಮ್ಕಿರ್ರಿ ಸ್ವಲ್ಪ. ನಿಮ್ ಮಾತಿಗೆ ಕುರಿ ಎದ್ದವೆ" ಎಂದು ಯಜಮಾನರು ಕೋಲು ಹಿಡಿದು ಓಡಿದರು. ಡಾಕ್ಟರು ಸಾಮಾನಿನ ಚೀಲ ಎದೆಗವಚಿಕೊಂಡೇ ಒಂದು ಪಕ್ಕ ಓಡಿದರು. ನಾನು ಇನ್ನೊಂದು ಪಕ್ಕ ಓಡಿದೆ, ತುಟಿ ಬಿಗಿದುಕೊಂಡು. ಪಂಚೆ ಜಾಲಿಮುಳ್ಳಿಗೆ ಸಿಕ್ಕಿ ಹರಿಯಿತು. ಕುರಿಗಳೆಲ್ಲ ಮರಳುವ ಹೊತ್ತಿಗೆ ಮೂವರೂ ಬೆವತು ಕಂಬಳಿಯ ಮೇಲೆ ಬಿದ್ದೆವು. ಯಜಮಾನರು ಹೊಟ್ಟೆ ಹಿಡಿದು ನಗುತ್ತಿದ್ದರು. ನಗುವಾಗಲೇ ಬಾಯಿ ತೆರೆದಿತ್ತು. ಡಾಕ್ಟರು ಆ ಅವಕಾಶ ಬಿಡಲಿಲ್ಲ. ನನಗೆ ಕನ್ನಡಿ ಹಿಡಿದು ಬಿಸಿಲನ್ನು ಬಾಯೊಳಕ್ಕೆ ಬೀರುವ ಕೆಲಸ ಕೊಟ್ಟರು, ಮಾತಾಡಕೂಡದೆಂಬ ಕರಾರಿನ ಮೇಲೆ.

ಸಂದಿಗಳ ಆಳವನ್ನೆಲ್ಲ ಅಳೆದ ಮೇಲೆ ಡಾಕ್ಟರು ಕೇಳಿದರು: "ನಿಮಗೆ ಯಾವ ಕಡೆ ಹೆಚ್ಚು ಚೆನ್ನಾಗಿದೆ ಅನ್ನಿಸುತ್ತೆ? ಕೊಯ್ದ ಕಡೆಯಾ?"

"ಎರಡೂ ಕಡೆ ಒಂದೇ ಐತೆ. ನೀವು ಹೇಳ್ದಂಗೆ ದಿನಾ ತಿಕ್ತೀನಿ."

ಡಾಕ್ಟರ ಮುಖ ಬಾಡಿತು. ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದರು: "ಬೇರೆಯವರ ಬಾಯಲ್ಲೂ ಹೀಗೇ ಬರ್ತಿದೆ ಸಾರ್. ಕೊಯ್ದರೂ ಅಷ್ಟೇ, ಕೆರೆದರೂ ಅಷ್ಟೇ. ಕೊಯ್ಯೋದೇ ಮೇಲು ಅಂತ ತೋರಿಸೋಕೆ ಹೊರಟಿದ್ದೆ ನಾನು. ನಮ್ಮ ಪ್ರೊಫೆಸರಿಗೆ ಏನು ಹೇಳಲಿ?"

ಅವರಿಗಿಂತ ಹೆಚ್ಚು ಆಘಾತವಾದದ್ದು ನನಗೆ. ನನ್ನ ಬಲಗಡೆಯ ತ್ಯಾಗ?

ಪ್ರೊಫೆಸರು ದುರ್ಗಕ್ಕೆ ಬಂದರು. ತಲೆ ನರೆತ, ಸಮಾಧಾನದ ಮನುಷ್ಯ. ನನ್ನ ಬಾಯಿಯ ಎರಡೂ ಪಕ್ಕವನ್ನು ಅಳೆದು "ಎರಡೂ ಸಮ" ಅಂದರು. ಡಾಕ್ಟರು ತಲೆ ತಗ್ಗಿಸಿ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ. "ಸ್ವಾಮಿ, ಇನ್ನೊಮ್ಮೆ ಸರಿಯಾಗಿ ನೋಡಿ. ಈ ಬಲಗಡೆ ಎಷ್ಟು ಕಷ್ಟಪಟ್ಟಿದೆ ನಿಮಗೆ ಗೊತ್ತಿಲ್ಲ" ಎಂದು ಶಿಳ್ಳೆ ಸಹಿತ ವಾದಿಸಿದೆ.

ಅವರು ಅಳತೆಯ ಕಡ್ಡಿಯನ್ನು ಕೆಳಗಿಟ್ಟು ಕೇಳಿದರು: "ನಿಮಗೆ ಬಲಗಡೆ ಗೆಲ್ಲಬೇಕಾಗಿತ್ತೇ?"

"ಹೌದು."

"ಎರಡೂ ನಿಮ್ಮವೇ ಅಲ್ಲವೇ?"

ಅವರು ಶಿಷ್ಯನ ಕಡೆ ತಿರುಗಿ, "ಇದೇ ನಿನ್ನ ಫಲಿತಾಂಶ. ಚೆನ್ನಾಗಿ ಶುದ್ಧಮಾಡಿ, ಆಮೇಲೆ ಅವರೇ ದಿನಾ ನೋಡಿಕೊಂಡರೆ, ಇಂಥವರಲ್ಲಿ ಎಷ್ಟೋ ಜನಕ್ಕೆ ಕತ್ತಿಯೇ ಬೇಡ ಅಂತ ಬರಿ. ಊರೂರಿಗೆ ಆಪರೇಷನ್ ಮಾಡುವ ಡಾಕ್ಟರಿಲ್ಲದ ನಾಡಿಗೆ ಇದಕ್ಕಿಂತ ಒಳ್ಳೆ ಸುದ್ದಿ ಯಾವುದು?" ಅಂದರು. ಡಾಕ್ಟರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು. ಒರೆಸಿದ್ದು ಗಾಜನ್ನು ಮಾತ್ರವಲ್ಲ ಎಂದು ನನಗನ್ನಿಸಿತು.

ಒಸಡು ಗಟ್ಟಿಯಾದ ಮೇಲೆ ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ಕಟ್ಟುವ, ತೆಗೆಯಬೇಕಿಲ್ಲದ ಹಲ್ಲುಗಳ ಸರದಿ. ಡಾಕ್ಟರು ಬೇರೆ ಬೇರೆ ಬಣ್ಣದ ಹಲ್ಲುಗಳ ಸಾಲೊಂದನ್ನು ಮುಂದೆ ಹಿಡಿದು, "ನಿಮ್ಮ ಹಲ್ಲಿಗೆ ಇದು ಹೊಂದುತ್ತೆ" ಎಂದು ಮಾಸಲು ಹಳದಿಯದೊಂದನ್ನು ತೋರಿಸಿದರು. ನಾನು ಎಲ್ಲಕ್ಕಿಂತ ಬೆಳ್ಳಗಿನದಕ್ಕೇ ಹಟ ಹಿಡಿದೆ. ಕಟ್ಟಿಸಿಕೊಂಡು ಮನೆಗೆ ಬಂದು ನಕ್ಕು ತೋರಿಸಿದೆ.

ಹೆಂಡತಿ ನೋಡಿದಳು. "ಹಳೇ ಗೋಡೆಗೆ ನಡುವೆ ಮಾತ್ರ ಸುಣ್ಣ ಬಳಿದಂಗೈತೆ" ಅಂದಳು.

ಶಿಳ್ಳೆಯಂತೂ ನಿಂತಿತು. ಹುಡುಗರು ಒಂದೆರಡು ದಿನ ಆಸೆಯಿಂದ ಕಾದು, ಆಮೇಲೆ ಎಂದಿನಂತೆ ಆಕಳಿಸತೊಡಗಿದರು.

ಡಾಕ್ಟರು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ದುರ್ಗದ ಆಸ್ಪತ್ರೆಗೇ ಕೆಲಸಕ್ಕೆ ಬಂದರು. ಒಂದು ಭಾನುವಾರ ಸಿಹಿಯ ಪೊಟ್ಟಣದ ಜೊತೆಗೆ ತಮ್ಮ ಪ್ರಬಂಧದ ದಪ್ಪ ಪ್ರತಿಯನ್ನೂ ಹಿಡಿದು ನಮ್ಮ ಮನೆಗೆ ಬಂದರು. ನಾನು ನನ್ನ ಹೆಸರನ್ನು ಹುಡುಕಿದೆ. ಎಲ್ಲೂ ಇರಲಿಲ್ಲ, ರೋಗಿಗಳ ಹೆಸರು ಹಾಕುವಂತಿಲ್ಲವಂತೆ. ನಡುವಿನ ಒಂದು ಪುಟದಲ್ಲಿ ಕೊಕ್ಕೆ ಹಾಕಿ ತುಟಿಗಳನ್ನು ನಾಲ್ಕೂ ಕಡೆಗೆ ಎಳೆದು ತೆಗೆದ ಒಂದು ಭಯಂಕರ ಚಿತ್ರವಿತ್ತು. ಯಾವ ಪ್ರಾಣಿಯದೆಂದು ನನಗೇ ಗುರುತಾಗಲಿಲ್ಲ. ಕಾಫಿ ತಂದ ಹೆಂಡತಿ ಬಗ್ಗಿ ನೋಡಿ, "ಇದು ನೀವೇ ಕಣ್ರಿ. ಇಷ್ಟಗಲ ಬಾಯಿ ತೆರೆಯೋರು ಈ ತಾಲೂಕ್ನಾಗೆ ಇನ್ಯಾರವ್ರೆ?" ಅಂದಳು.

ಡಾಕ್ಟರು ನಕ್ಕುಬಿಟ್ಟರು. ನಗುತ್ತಲೇ, "ಅಮ್ಮ, ನೀವೂ ಒಮ್ಮೆ ಬಾಯಿ ತೋರಿಸಿ, ನೋಡ್ತೀನಿ" ಅಂದರು. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದವಳು ಅವರು ಹೊರಡುವ ತನಕ ಹೊರಗೆ ಬರಲಿಲ್ಲ. ಅವಳಿಗೂ ರಕ್ತ ಬರುತ್ತಿತ್ತೆಂದು ಆಮೇಲೆ ಹೇಳಿದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ, "ನಿಮ್ ಮಾತು ನಿಂತಿದ್ರೆ ತಾನೆ ಹೇಳೋದು" ಅಂದಳು.

ಮುಂದಿನ ವಾರ ಇಬ್ಬರೂ ದುರ್ಗದ ಬಸ್ಸು ಹತ್ತಿದೆವು. ಆಸ್ಪತ್ರೆಯಲ್ಲಿ ಅವಳ ಸರದಿ ಬಂದಾಗ ಡಾಕ್ಟರಿಗೆ ಎಲ್ಲವನ್ನೂ ನಾನೇ ವಿವರಿಸಬೇಕೆಂದು ಜೊತೆಗೆ ಎದ್ದೆ. ಅವಳು ಬಾಗಿಲಲ್ಲೇ ತಿರುಗಿ ನಿಂತಳು.

"ನೀವಿಲ್ಲೇ ಕುಂತ್ಕಳ್ರಿ. ನನ್ ಬಾಯಿದು ನಾನೇ ಹೇಳ್ತೀನಿ."

ಬೆಂಚಿನ ಮೇಲೆ ಕೂತೆ. ಒಳಗಿನಿಂದ ಅವಳ ಮಾತು ಕೇಳುತ್ತಿತ್ತು. ಅವಳು ಚೆನ್ನಾಗಿಯೇ ಮಾತಾಡುತ್ತಿದ್ದಳು.