ಆ ವೈರಸ್ ನಿಮ್ಮ ಪೆನ್‌ಡ್ರೈವಿನಿಂದ ಬಂದದ್ದಲ್ಲ

ಸದಾನಂದಣ್ಣ, ಆಫೀಸಿನ ಕಂಪ್ಯೂಟರಿಗೆ ವೈರಸ್ ತಂದವಳು ನಾನು. ನೀವಲ್ಲ. ನಿಮ್ಮ ಪೆನ್‌ಡ್ರೈವ್ ಅಲ್ಲ, ಅದರೊಳಗಿದ್ದ ಯಕ್ಷಗಾನವೂ ಅಲ್ಲ. ಇದು ನನಗೆ ಆವತ್ತೇ ಗೊತ್ತಿತ್ತು. ಮಾಲೀಕರಾದ ಸೇಠ್ ನಿಮ್ಮನ್ನು ಕ್ಯಾಬಿನ್ನಿಗೆ ಕರೆದಾಗಲೂ ಗೊತ್ತಿತ್ತು, ನೀವು ಡ್ರಾಯರಿನಿಂದ ಕನ್ನಡಕದ ಡಬ್ಬಿ, ಅಡಿಕೆಯ ಪೊಟ್ಟಣ ತೆಗೆದುಕೊಂಡು ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದಾಗಲೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ — ಅಲ್ಲ, ಸುಮ್ಮನಿದ್ದೆ ಅಂದರೆ ಅದೂ ಸುಳ್ಳಾಗುತ್ತದೆ. ನಾನು ಬಾಯಿ ಬಿಟ್ಟೇ ಹೇಳಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಇದನ್ನು ನಿಮ್ಮ ಕಿವಿಯಲ್ಲಿ ಮಾತ್ರ ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮ ಮೇಲೆ ಅಪವಾದ ಬಂದದ್ದು ಹತ್ತು ಜನರ ಎದುರಿಗೆ. ಆದ್ದರಿಂದ ನೀವು ಈಗ ಅಳಿಯನ ಹೋಟೆಲಿನ ಗಲ್ಲಾದಲ್ಲಿ ಕೂತು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಈ ಪತ್ರಿಕೆಗೇ ಬರೆಯುತ್ತಿದ್ದೇನೆ. ಬೇರೆಯವರೂ ಓದುತ್ತಾರಲ್ಲ, ನಿಮಗೆ ಗೊತ್ತಿರುವುದನ್ನೂ ಒಂದಿಷ್ಟು ಹೇಳಬೇಕಾಗುತ್ತದೆ.

ಫೋರ್ಟ್ ಭಾಗದಲ್ಲಿ ನಮ್ಮದು ಚಿಕ್ಕ ಆಫೀಸು. ಬಂದರಿಗೆ ಬಂದ ಮಾಲನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಡುವ ಕೆಲಸ. ಸದಾನಂದಣ್ಣ ಅಲ್ಲಿ ಹಿರಿಯ ಗುಮಾಸ್ತರು. ಉಡುಪಿ ಕಡೆಯಿಂದ ಹುಡುಗರಾಗಿದ್ದಾಗ ಬಂದು, ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ ಆ ಕುರ್ಚಿಗೆ ಬಂದವರು. ನಾನು ಕುರ್ಲಾದ ಚಾಳಿನ ಒಂದೇ ಕೋಣೆಯ ಮನೆಯವಳು. ನಮ್ಮವರು ವಿಜಯಪುರದ ಕಡೆಯವರು, ಅಪ್ಪ ಗುಜರಿ ಗೋದಾಮಿನಲ್ಲಿ ಕಬ್ಬಿಣ ವಿಂಗಡಿಸುತ್ತಿದ್ದ. ಮನೆಯಲ್ಲಿ ನಾನು ಮಲ್ಲವ್ವ, ಆಫೀಸಿನಲ್ಲಿ ಮಾಲಾ. ನಮ್ಮ ಮನೆತನದಲ್ಲಿ ಡಿಗ್ರಿ ಅಂತ ಪಡೆದವಳು ನಾನೇ ಮೊದಲು. ಈ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೋ, ನಿಮಗೆ ಕೇಳಿ ಕೇಳಿ ಬೇಜಾರಾಗಿರಬೇಕು. ಒಮ್ಮೆ ಅಂದಿದ್ದಿರಿ: "ಮಾರಾಯ್ತಿ, ಡಿಗ್ರಿ ನಿನಗೊಬ್ಬಳಿಗೇ ಉಂಟು, ಒಪ್ಪಿದೆ. ಹಸಿವು ನಮಗೆ ಇಬ್ಬರಿಗೂ ಉಂಟಲ್ಲ, ಡಬ್ಬಿ ಬಿಚ್ಚು."

ಆ ಹೆಮ್ಮೆಯಿಂದಲೇ ಎಲ್ಲ ಶುರುವಾಯಿತು.

ನಮ್ಮ ಭಾಗದ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ, ಆ ಡಿಗ್ರಿಗಾಗಿ, ನನಗೆ ಸನ್ಮಾನ ಮಾಡುತ್ತೇವೆ ಅಂದರು. ಶಾಲು, ಹಣ್ಣಿನ ಬುಟ್ಟಿ, ಕಟ್ಟು ಹಾಕಿದ ಸನ್ಮಾನಪತ್ರ. ಪತ್ರ ಮಾಡುವವರು ಯಾರು? ಕಾರ್ಯದರ್ಶಿ ಬಸಣ್ಣ ಮಾಮಾ ಮನೆಗೆ ಬಂದು, "ನಿನ್ನ ಆಫೀಸಿನಾಗ ಕಂಪ್ಯೂಟರ್ ಐತಲ್ಲವಾ, ನೀನ ಟೈಪ್ ಮಾಡಿ ತಗೊಂಡ್ ಬಾ. ನಮಗ ಯಾರಿಗಿ ಬರ್ತೈತಿ ಅದು? ನಾವು ಸಹಿ ಹಾಕ್ತೀವಿ" ಅಂದ. ಅಂದರೆ ನನ್ನ ಹೊಗಳಿಕೆಯನ್ನು ನಾನೇ ಬರೆದುಕೊಳ್ಳಬೇಕು. ನಾಚಿಕೆ ಆಯಿತು ಅಂತ ಹೇಳಿದರೆ ನೀವು ನಂಬಬೇಡಿ. ಮಾಮಾ ಕೊಟ್ಟ ನಾಲ್ಕು ಸಾಲು ಸಾಕಾಗಲಿಲ್ಲ ಅಂತ ನಾನೇ ಇನ್ನೆರಡು ಸೇರಿಸಿದೆ.

ಆಫೀಸಿನಲ್ಲಿದ್ದ ಒಂದೇ ಕಂಪ್ಯೂಟರಿನಲ್ಲಿ ಕನ್ನಡ ಇರಲಿಲ್ಲ. ಪುಕ್ಕಟೆಯಾಗಿ ನೇರವಾಗಿ ಸಿಗುವ ಕನ್ನಡ ಅಕ್ಷರಗಳು ಆಗಲೂ ಇದ್ದವು, ಆದರೆ ನನಗೆ ಮದುವೆ ಪತ್ರಿಕೆಯಲ್ಲಿ ಬರುತ್ತವಲ್ಲ, ಆ ಬಳ್ಳಿ ಬಳ್ಳಿಯಾದ ಅಕ್ಷರಗಳೇ ಬೇಕಿದ್ದವು. ದುಡ್ಡು ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರನ್ನು ಕದ್ದು ಹಂಚುವ ಒಂದು ಸೈಟಿನಲ್ಲಿ ಅವು ಸಿಕ್ಕವು. ಹಾಕುವ ಮೊದಲು ಆಂಟಿವೈರಸ್ ಬಂದ್ ಮಾಡಿ ಅಂತ ಅಲ್ಲೇ ಬರೆದಿತ್ತು. ನಾನು ಮಾಡಹೊರಟಾಗ ಕೆಂಪು ಚೌಕವೊಂದು ಬಂದು, ಇದು ಅಪಾಯ, ಬೇಡ ಅಂದಿತು. ನಾನು ಬಂದ್ ಮಾಡಿದೆ. ಓದು ಬರಹ ಇಲ್ಲದವರು ಮಾಡಿದ್ದರೆ ಗೊತ್ತಿಲ್ಲದೆ ಮಾಡಿದರು ಅನ್ನಬಹುದಿತ್ತು. ನಾನು ಓದಿ, ಅರ್ಥಮಾಡಿಕೊಂಡು, ಒತ್ತಿದೆ.

ಪತ್ರ ಚೆಂದ ಬಂತು.

ಮರುದಿನ ಕಂಪ್ಯೂಟರ್ ಶುರು ಮಾಡಿದ ಕೂಡಲೇ ಪರದೆಯ ನಡುವೆ ಬೂದು ಬಣ್ಣದ ಡಬ್ಬಿ: ಯಾವುದೋ ಫೈಲ್ ಶುರುವಾಗುತ್ತಿಲ್ಲ. ಓಕೆ ಒತ್ತಿದರೆ ಮಾಯ. ಅದರ ಮರುದಿನ ಎರಡು ಡಬ್ಬಿ. ಆಮೇಲೆ ಯಂತ್ರ ಏಳುವುದಕ್ಕೇ ಏದುಸಿರು ಬಿಡತೊಡಗಿತು. ನಾನು ಎಲ್ಲರಿಗಿಂತ ಮೊದಲು ಬಂದು, ಬೇರೆಯವರ ಕಣ್ಣಿಗೆ ಬೀಳುವ ಮುಂಚೆ ಆ ಡಬ್ಬಿಗಳನ್ನು ಒತ್ತಿ ಒತ್ತಿ ಮುಚ್ಚುತ್ತಿದ್ದೆ. ಬೆಳಗಿನ ಲೋಕಲ್ ರೈಲು ತಡವಾದರೆ ಕುರ್ಲಾ ಪ್ಲಾಟ್‌ಫಾರ್ಮಿನಲ್ಲೇ ಗಡಿಯಾರ ನೋಡುತ್ತಾ ನಿಲ್ಲುತ್ತಿದ್ದೆ — ಇವತ್ತು ಬೇರೆ ಯಾರಾದರೂ ಮೊದಲು ಸ್ವಿಚ್ ಹಾಕಿಬಿಟ್ಟರೆ?

ತೆಗೆಯಲು ನೋಡಲಿಲ್ಲವೇ? ನೋಡಿದೆ. ಲೋಕಲ್‌ನಲ್ಲಿ ನಿಂತುಕೊಂಡೇ ಫೋನಿನಲ್ಲಿ ವಿಡಿಯೋ ನೋಡಿ ಕಲಿತೆ. ನಾನು ಹಾಕಿದ ಸಾಫ್ಟ್‌ವೇರನ್ನು ಕಿತ್ತುಹಾಕಿದೆ, ಅದರ ಜೊತೆ ಬಂದದ್ದು ಹೋಗಲಿಲ್ಲ. ಕಂಪ್ಯೂಟರನ್ನು ಬೇಕಾದಷ್ಟೇ ಏಳುವ ಸೇಫ್ ಮೋಡಿನಲ್ಲಿ ಶುರು ಮಾಡಿ, ಗುರುತು ಪರಿಚಯವಿಲ್ಲದ ಹೆಸರಿನ ಫೈಲನ್ನು ಹುಡುಕಿ ಅಳಿಸಿದೆ. ಮತ್ತೆ ಶುರು ಮಾಡಿದರೆ ಅದೇ ಹೆಸರು, ಅದೇ ಜಾಗ, ನಗುತ್ತಾ ಕೂತಂತೆ. ಇನ್ನೆಲ್ಲೋ ಅಡಗಿದ್ದ ಇನ್ನೊಂದು ಇದನ್ನು ಮತ್ತೆ ಹುಟ್ಟಿಸುತ್ತಿತ್ತು. ಅದನ್ನೂ ಹುಡುಕಿ ಅಳಿಸಿದರೆ, ಅಳಿದ ಫೈಲನ್ನೇ ಶುರುವಿನಲ್ಲಿ ಕೂಗಿ ಕರೆಯುವ ಒಂದು ಸಾಲು ಒಳಗೆಲ್ಲೋ ಉಳಿದು, ಸಿಗುತ್ತಿಲ್ಲ, ಸಿಗುತ್ತಿಲ್ಲ ಅಂತ ಹೊಸ ಡಬ್ಬಿ. ಎರಡು ದಿನ ಶಾಂತ. ಮೂರನೇ ದಿನ ಮತ್ತೆ ಮೊದಲಿನಂತೆ, ಯಾಕೆಂದರೆ ಅಷ್ಟರಲ್ಲಿ ಅದು ಕಾಗದಪತ್ರ ಒಯ್ಯುವ ಆಫೀಸಿನ ಪೆನ್‌ಡ್ರೈವಿಗೂ ಹತ್ತಿತ್ತು.

ರಿಪೇರಿಯವನನ್ನು ಕರೆಯೋಣ ಅಂದಿದ್ದರೆ ಅರ್ಧ ದಿನದ ಕೆಲಸ. ಆದರೆ ಅವನು ಮೊದಲು ಕೇಳುವುದೇ, ಹೊಸದಾಗಿ ಏನು ಹಾಕಿದಿರಿ ಅಂತ. ಆಫೀಸಿನಲ್ಲಿ ಕಂಪ್ಯೂಟರ್ ಅಂದರೆ ಮಾಲಾ, ಮಾಲಾ ಅಂದರೆ ಕಂಪ್ಯೂಟರ್ ಅಂತ ಹೆಸರು ಮಾಡಿಕೊಂಡಿದ್ದೆ. ನನಗೆ ನಾನೇ ಬರೆದುಕೊಂಡ ಸನ್ಮಾನಪತ್ರಕ್ಕಾಗಿ ಕಳ್ಳಮಾಲು ಹಾಕಿದೆ ಅಂತ ಯಾವ ಬಾಯಿಂದ...

ನಿಮಗೆ ನೆನಪಿರಬೇಕು. ಊಟ ಮುಗಿಸಿ ನೀವು ನಿಮ್ಮ ಪೆನ್‌ಡ್ರೈವ್ ಅದೇ ಕಂಪ್ಯೂಟರಿಗೆ ಸಿಕ್ಕಿಸಿ, ಕಿವಿಗೆ ಇಯರ್‌ಫೋನ್ ಹಾಕಿ ತಾಳಮದ್ದಳೆ ಕೇಳುತ್ತಿದ್ದಿರಿ. ಒಂದು ದಿನ ನನ್ನನ್ನು ಕರೆದಿರಿ. ಒಳಗಿನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿದ್ದವು, ಪ್ರತಿಯೊಂದರ ಮೂಲೆಯಲ್ಲೂ ಸಣ್ಣ ಬಾಣದ ಗುರುತು. "ನೋಡು ಮಗಾ, ಇದೆಂಥ ಯುದ್ಧ? ಪ್ರಸಂಗಕ್ಕೆಲ್ಲ ಬಾಣ ಬಿದ್ದಿದೆ" ಅಂದು ನಕ್ಕಿರಿ. ನನ್ನ ಕಂಪ್ಯೂಟರಿನ ರೋಗ ನಿಮ್ಮ ಪೆನ್‌ಡ್ರೈವಿಗೆ ದಾಟಿದ್ದು ನನಗೆ ನೋಡಿದೊಡನೆ ತಿಳಿಯಿತು.

"ನಿಮ್ಮ ಪೆನ್‌ಡ್ರೈವ್ ಹಳೇದಾಗೇತ್ರಿ ಅಣ್ಣಾ" ಅಂದೆ.

"ನನ್ನ ಹಾಗೆಯೇ" ಅಂದಿರಿ.

ಆಮೇಲೆ ಒಂದು ಬೆಳಿಗ್ಗೆ ಕಂಪ್ಯೂಟರ್ ಏಳಲೇ ಇಲ್ಲ. ನೀಲಿ ಪರದೆ, ತಾನಾಗಿಯೇ ಆರುವುದು, ಮತ್ತೆ ನೀಲಿ ಪರದೆ. ಅವತ್ತೇ ಸಲ್ಲಿಸಬೇಕಿದ್ದ ಕಾಗದಗಳೆಲ್ಲ ಅದರೊಳಗೆ. ಮಾಲು ಬಂದರಿನಲ್ಲೇ ಕೂತಿತು, ದೊಡ್ಡ ಗಿರಾಕಿ ಫೋನಿನಲ್ಲಿ ಸೇಠ್‌ಗೆ ಬೈದು ಬೇರೆ ಏಜೆಂಟನ ಕಡೆ ಹೋದ. ರಿಪೇರಿಯವನು ಬಂದ. ಆಫೀಸಿನಲ್ಲಿದ್ದ ಪೆನ್‌ಡ್ರೈವುಗಳನ್ನೆಲ್ಲ ತರಿಸಿ ತನ್ನ ಲ್ಯಾಪ್‌ಟಾಪಿನಲ್ಲಿ ನೋಡಿದ. ಆಫೀಸಿನದರಲ್ಲೂ ಇತ್ತು, ನಿಮ್ಮದರಲ್ಲಿ ತುಂಬಿ ತುಳುಕುತ್ತಿತ್ತು. ಮನೆಯಿಂದ ಬರುತ್ತಿದ್ದದ್ದು ಅದೊಂದೇ ಅಲ್ಲವೇ, "ಇದರಿಂದಲೇ ಬಂದಿದೆ ಸೇಠ್" ಅಂದುಬಿಟ್ಟ. ಯಾವುದರಿಂದ ಯಾವುದಕ್ಕೆ ಹತ್ತಿತು ಅಂತ ಯಾರೂ ಕೇಳಲಿಲ್ಲ. ಕೇಳಬೇಕಾದವಳು ನಾನು.

ಸೇಠ್ ನನ್ನ ಕಡೆ ತಿರುಗಿದರು. "ಮಾಲಾ, ಯೇ ಕೌನ್ ಲಗಾತಾ ಥಾ?"

"ಸದಾನಂದ್‌ಜೀ ಲಗಾತೇ ಥೇ, ಸರ್. ರೋಜ್."

ಅವರು ಹಾಕುತ್ತಿದ್ದರು, ದಿನಾಲೂ. ಅಷ್ಟೇ ನಾನು ಹೇಳಿದ್ದು. ಒಂದೊಂದು ಶಬ್ದವೂ ನಿಜ. ನಿಜವಾದ ಶಬ್ದಗಳನ್ನೇ ಜೋಡಿಸಿ ಇಷ್ಟು ದೊಡ್ಡ ಸುಳ್ಳು ಕಟ್ಟಬಹುದು ಅಂತ ನನಗೆ ಯಾರೂ ಕಲಿಸಿರಲಿಲ್ಲ — ನಾನೇ ಕಲಿತೆ. ನೀವು ನನ್ನ ಕಡೆ ನೋಡಿದಿರಿ. ಸಂಶಯದಿಂದಲ್ಲ. ಕಂಪ್ಯೂಟರ್ ಬಲ್ಲವಳು ಹೇಳುತ್ತಿದ್ದಾಳೆ, ಹಾಗಾದರೆ ಹೌದೇ ಇರಬೇಕು, ಅನ್ನುವ ನೋಟ. ರಿಪೇರಿಯವನು ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಎಲ್ಲ ಹಾಕಿದ. ನಾನು ಹಾಕಿದ್ದರ ಗುರುತೂ ಅದರ ಜೊತೆ ಹೋಯಿತು. ಆಗ ನನಗೆ ಅನ್ನಿಸಿದ್ದು ಸಮಾಧಾನ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ: ಸಮಾಧಾನ.

ಸಂಜೆ ನೀವು ಸ್ಟೇಶನ್ನಿನ ದಾರಿಯಲ್ಲಿ ನನಗಾಗಿ ನಿಂತಿದ್ದಿರಿ. ಕೆಲಸ ಹೋಗಿತ್ತು. ಬೈಯುತ್ತೀರಿ ಅಂದುಕೊಂಡೆ. ನೀವು, "ನನ್ನಿಂದ ನಿನಗೂ ಸೇಠ್ ಹತ್ತಿರ ಮಾತು ಕೇಳುವ ಹಾಗಾಯ್ತು. ತಪ್ಪಾಯ್ತು ಮಗಾ" ಅಂದಿರಿ.

"ಇರ್ಲಿ ಬಿಡ್ರಿ ಅಣ್ಣಾ. ಗೊತ್ತಿಲ್ದ ಆಗೇತಿ" ಅಂದೆ ನಾನು.

ನಾನು ನಿಮ್ಮನ್ನು ಕ್ಷಮಿಸಿದೆ, ಸದಾನಂದಣ್ಣ. ನನ್ನ ತಪ್ಪಿಗೆ, ನಿಮ್ಮನ್ನು, ನಾನು. ಸೇಠ್ ಎದುರು ಆಡಿದ್ದು ಹೆದರಿಕೆಯ ಮಾತು ಅಂತ ಯಾರಾದರೂ ಹೇಳಬಹುದು. ಇದಕ್ಕೆ ಏನು ಹೇಳುತ್ತಾರೆ?

ನಿಮ್ಮ ಕುರ್ಚಿ ನನಗೆ ಸಿಕ್ಕಿತು. ರಾಜ್ಯೋತ್ಸವದ ದಿನ ನೀವು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಎರಡನೇ ಸಾಲಿನಲ್ಲಿ ಕೂತಿದ್ದಿರಿ. ಬಸಣ್ಣ ಮಾಮಾ ಆ ಪತ್ರವನ್ನು ದೊಡ್ಡ ದನಿಯಲ್ಲಿ ಓದುತ್ತಿದ್ದರೆ ನನ್ನ ಅಪ್ಪ ಅಳುತ್ತಿದ್ದ, ನೀವು ಚಪ್ಪಾಳೆ ತಟ್ಟುತ್ತಿದ್ದಿರಿ. 'ಪ್ರಾಮಾಣಿಕತೆ' ಅನ್ನುವ ಶಬ್ದ ಅದರಲ್ಲಿತ್ತು. ಅದು ನಾನು ಸೇರಿಸಿದ ಸಾಲಿನದು.

ಹತ್ತು ವರ್ಷ ದಾಟಿತು. ಇದರ ನಡುವೆ ಹೇಳಲು ಸಂದರ್ಭ ಸಿಗಲಿಲ್ಲ ಅನ್ನಲಾರೆ. ಪ್ರತಿ ವರ್ಷ ಸಂಘದ ಕಾರ್ಯಕ್ರಮದಲ್ಲಿ ಸಿಕ್ಕಿದಿರಿ. ಪ್ರತಿ ಸಲ ನಾನು ನಿಮ್ಮ ಮನೆಯವರ ಆರೋಗ್ಯ ಕೇಳಿದೆ, ನೀವು ನನ್ನ ಬಡ್ತಿ ಕೇಳಿದಿರಿ. ಹೇಳಿದರೆ ಕೆಲಸ ಹೋಗುತ್ತದೆ ಅಂತ ಮೊದಲು ಹೆದರಿದೆ. ಕೆಲಸ ಗಟ್ಟಿಯಾದ ಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರಲ್ಲ ಅಂತ ಹೆದರಿದೆ. ಒಂದೊಂದು ವರ್ಷವೂ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿತು, ಹಾಕಿದವಳೂ ನಾನೇ, ಒಳಗಿದ್ದವಳೂ ನಾನೇ.

ಕಳೆದ ತಿಂಗಳು ಚಿಕ್ಕಮ್ಮನನ್ನು ನೋಡಲು ಪರೇಲಿನ ಆಸ್ಪತ್ರೆಗೆ ಬಂದಿದ್ದೆ. ಬಿಸಿಲಿಗೆ ಸಾಕಾಗಿ ಹತ್ತಿರದ ಹೋಟೆಲಿಗೆ ಹೊಕ್ಕರೆ ಗಲ್ಲಾದಲ್ಲಿ ಈ ಪತ್ರಿಕೆ ಹಿಡಿದು ಕೂತ ನೀವು. ನಿಮ್ಮ ಅಳಿಯ ಪ್ರದೀಪನ ಹೋಟೆಲು ಆ ಕಡೆಯೇ ಎಲ್ಲೋ ಅಂತ ಗೊತ್ತಿತ್ತು, ಅದೇ ಅಂತ ಗೊತ್ತಿರಲಿಲ್ಲ. ಎದ್ದು ನಿಂತು ಅವನನ್ನು ಕರೆದಿರಿ. "ಇವಳು ನಮ್ಮ ಆಫೀಸಿನ ಮಾಲಾ. ಗ್ರಾಜುಯೇಟ್."

ಪ್ರದೀಪ ಚಹಾ ತರಿಸಿದ. "ಮೇಡಂ, ನೀವಾದ್ರೂ ಮಾಮನಿಗೆ ಸ್ವಲ್ಪ ಹೇಳಿ. ಬಿಲ್ಲಿಗೆ ಕಂಪ್ಯೂಟರ್ ಬರ್ತಾ ಉಂಟು. ಇವರು ಅದರ ಹತ್ತಿರವೇ ಹೋಗುದಿಲ್ಲ. ಮುಂದಿನ ತಿಂಗಳಿಂದ ಗಲ್ಲಾಕ್ಕೆ ಬೇರೆ ಜನ ಇಡಬೇಕಷ್ಟೆ. ಮತ್ತೆ ಇವರನ್ನು ಎಲ್ಲಿ ಕೂರಿಸುದು?"

ನೀವು ನಕ್ಕಿರಿ. "ನನ್ನ ಕೈ ತಾಗಿದ್ರೆ ಅದು ಕೆಡ್ತದೆ ಮಾರಾಯ. ಒಮ್ಮೆ ಒಂದು ಆಫೀಸೇ ಮುಳುಗುದಿತ್ತು. ಬೇಕಾದ್ರೆ ಇವಳನ್ನೇ ಕೇಳು, ಇವಳಿಗೆ ಗೊತ್ತುಂಟು."

ಅವನು ನನ್ನ ಮುಖ ನೋಡಿದ. ನೀವೂ ನೋಡಿದಿರಿ. ನಾನು ಚಹಾದ ಗ್ಲಾಸನ್ನು ನೋಡಿದೆ.

ಹೊರಗೆ ಬಂದ ಮೇಲೆ ನಡೆದೆ, ಎಲ್ಲಿಗೆ ಅಂತ ಇಲ್ಲದೆ. ಒಂದು ಕುರ್ಚಿ ಕಳೆದದ್ದಷ್ಟೇ ನನ್ನ ಲೆಕ್ಕದಲ್ಲಿತ್ತು. ನಿಮ್ಮ ಕೈಯ ಮೇಲೆ ನಿಮಗಿದ್ದ ನಂಬಿಕೆಯನ್ನೂ ತೆಗೆದುಕೊಂಡಿದ್ದೇನೆ, ಅದೇ ಸುಳ್ಳು ಈಗ ಇನ್ನೊಂದು ಕುರ್ಚಿಯನ್ನೂ ಕೀಳಲು ಹೊರಟಿದೆ ಅಂತ ತಿಳಿದಿರಲಿಲ್ಲ. ಮರುದಿನ ಆಫೀಸಿನಲ್ಲಿ ಸೇಠ್ ಅವರ ಮಗನಿಗೆ ಎಲ್ಲ ಹೇಳಿದೆ. ಈಗ ಆಫೀಸು ನೋಡಿಕೊಳ್ಳುವವರು ಅವರೇ. "ಅರೇ ಛೋಡೋ ಮಾಲಾ, ಪುರಾನೀ ಬಾತ್ ಹೈ" ಅಂದರು, ಫೋನ್ ಎತ್ತಿಕೊಂಡರು. ಹಳೆಯ ಮಾತು, ಬಿಟ್ಟುಬಿಡು. ಶಿಕ್ಷೆ ಕೊಡುವವರು ಯಾರೂ ಉಳಿದಿಲ್ಲ ಅನ್ನುವುದು ಅವತ್ತು ಗೊತ್ತಾಯಿತು. ಅದರಿಂದ ಹಗುರವೇನೂ ಆಗಲಿಲ್ಲ.

ಕ್ಷಮಿಸಿ ಅಂತ ಕೇಳುತ್ತಿಲ್ಲ. ನಿಮ್ಮ ಸ್ವಭಾವ ನನಗೆ ಗೊತ್ತು, ಕೇಳಿದರೆ ಕೊಟ್ಟುಬಿಡುತ್ತೀರಿ, ಆಮೇಲೆ ನೀವೊಬ್ಬರೇ ಕೂತು ಆ ಹತ್ತು ವರ್ಷವನ್ನು ನೆನೆಯುತ್ತೀರಿ. ಅದು ಬೇಡ. ಸಿಟ್ಟು ಬಂದರೆ ಬರಲಿ, ಅದು ನಿಮಗೆ ಬರಬೇಕಾಗಿದ್ದದ್ದು, ನಾನು ಬರದ ಹಾಗೆ ತಡೆದಿಟ್ಟದ್ದು.

ನಿಮ್ಮ ಕೈ ತಾಗಿ ಯಾವ ಯಂತ್ರವೂ ಕೆಟ್ಟಿಲ್ಲ. ಇದೊಂದನ್ನು ನಂಬಿ. ನನ್ನ ಮಾತನ್ನು ನಂಬಿ ಅನ್ನಲು ನನಗೆ ಯಾವ ಮುಖವೂ ಇಲ್ಲ, ಆದರೂ.

ಇದು ಅಚ್ಚಾದ ಪತ್ರಿಕೆ ನಿಮ್ಮ ಕೈಗೆ ಬಂದ ಮೇಲಿನ ಮೊದಲ ಭಾನುವಾರ, ಊಟದ ಗದ್ದಲ ಕಳೆದ ಮೇಲೆ ಹೋಟೆಲಿಗೆ ಬರುತ್ತೇನೆ. ಇದನ್ನು ಓದಿ, ಇವಳ ಮೋರೆ ನೋಡುವುದು ಬೇಡ ಅಂತ ನಿಮಗೆ ಅನ್ನಿಸಬಹುದು. ಆಗ ನೀವು ಒಳಗೆ ಹೋಗಿ ಕೂತಿರಿ, ನಾನು ಕರೆಯುವುದಿಲ್ಲ. ಪ್ರದೀಪನ ಎದುರು ನಿಂತು, ಹೋಟೆಲಿನ ಹುಡುಗರಿಗೂ ಕೇಳುವ ಹಾಗೆ, ಹೇಳಬೇಕಾದದ್ದನ್ನು ಹೇಳಿ ಹೋಗುತ್ತೇನೆ.