ನೀರಿಗೆ ಮುಖ ಮಾಡಿ ನಿಂತವಳು

ಆಕೆಯ ಎರಡೂ ಕಾಲಿನ ಹೆಬ್ಬೆರಳ ಉಗುರು ಅರ್ಧಕ್ಕರ್ಧ ಸವೆದುಹೋಗಿತ್ತು. ಬಳಚನ್ನು, ಅಂದರೆ ಹೊಳೆಯ ಚಿಪ್ಪುಮೀನನ್ನು, ಕಣ್ಣಿನಿಂದ ಹುಡುಕುವುದಲ್ಲ, ಕಾಲಿನಿಂದ ಹುಡುಕುವುದು. ಕಡಲ ಇಳಿತಕ್ಕೆ ಅಘನಾಶಿನಿ ಹೊಳೆಯ ನೀರಿಳಿದಾಗ ಕೆಸರಿನಲ್ಲಿ ಬೆರಳೂರಿ ನಡೆಯುತ್ತ, ಚಿಪ್ಪು ತಾಗಿದಲ್ಲಿ ಬಗ್ಗಿ ಅಗೆದು ತೆಗೆಯುವುದು. ಆಯುಷ್ಯವಿಡೀ ಹಾಗೆ ನಡೆದ ಕಾಲು ಅದು. ನಮ್ಮ ಮಕ್ಕಳು ಆಕೆಯನ್ನು ಬಳಚಜ್ಜಿ ಎಂದೇ ಕರೆಯುತ್ತಿದ್ದರು.

ನಾವು ಕುಮಟಾದಲ್ಲಿದ್ದುಕೊಂಡು ಇಬ್ಬರು ಹೆಣ್ಣುಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದೆವು. ವಾರಕ್ಕೆರಡು ದಿನ ಹೊಳೆಯ ದಂಡೆಯೇ ತರಗತಿ, ಹಕ್ಕಿಗಳೇ ಪಾಠ. ಮುಟ್ಟಳ್ಳಿಯಲ್ಲಿದ್ದ ಅತ್ತೆಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. "ಗದ್ದೇಲಿ ಹಕ್ಕಿ ಓಡ್ಸೂಕೆ ಜನ ಸಿಗೂದಿಲ್ಲ, ಇವ್ರು ಹಕ್ಕಿ ನೋಡೂಕೆ ಮಕ್ಕಳನ್ನ ಕೂರ್ಸಿದ್ರು" ಎಂದು ಬಂದವರೆದುರೆಲ್ಲ ಹೇಳುತ್ತಿದ್ದರು.

ಬಳಚಜ್ಜಿಗೆ ಪುಸ್ತಕದ ಹೆಸರುಗಳು ಬೇಕಿರಲಿಲ್ಲ. ಯಾವ ಹಕ್ಕಿ ಎಷ್ಟು ನೀರಿನಲ್ಲಿ ಮೇಯುತ್ತದೆ ಎಂಬುದಷ್ಟೇ ಅವಳ ಲೆಕ್ಕ. ಒಮ್ಮೆ ಮಕ್ಕಳು ದುರ್ಬೀನು ಕೊಟ್ಟಾಗ ಕಣ್ಣಿಗಿಟ್ಟು, ತಕ್ಷಣ ಮರಳಿಸಿ, "ಇಷ್ಟು ಹತ್ರ ನೋಡಿದ್ರೆ ಹಕ್ಕಿಗೇ ನಾಚ್ಕೆ ಆಗೂದು" ಎಂದಿದ್ದಳು.

ಒಂದು ದಿನ ಗಂಡ ಬ್ಯಾಂಕಿಗೆ ಹೋಗಿದ್ದರು. ಹೊಳೆಯ ನಡುವಿನ ಮರಳದಿಬ್ಬದ ಮೇಲೆ ವಲಸೆಯ ಗೊರವ ಹಕ್ಕಿಗಳು ನೂರಾರು ಇಳಿದಿದ್ದವು. ಎಂಟು ವರ್ಷದ ದೊಡ್ಡವಳನ್ನೂ ನಾಲ್ಕರ ಚಿಕ್ಕವಳನ್ನೂ ಕರೆದುಕೊಂಡು ಪಾದ ಮುಳುಗುವಷ್ಟು ನೀರನ್ನು ದಾಟಿ ದಿಬ್ಬ ಸೇರಿದೆ. ಮೂವರೂ ಮರಳಿನ ಮೇಲೆ ಬೋರಲು ಮಲಗಿದೆವು. ನಮ್ಮ ಮನೆಶಾಲೆಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು: ಹಕ್ಕಿ ತಾನಾಗಿ ಏಳುವ ತನಕ ನಾವು ಏಳುವಂತಿಲ್ಲ.

ಎಷ್ಟು ಹೊತ್ತಾಯಿತೋ. ದಿಬ್ಬದ ಆಚೆ ತುದಿಯಲ್ಲಿ ಬಳಚಿನ ಹೆಂಗಸರ ಜೊತೆಗಿದ್ದ ಅಜ್ಜಿ ಕೂಗಿದಳು. ನಾನು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿದೆ. ಮತ್ತೆ ಕೂಗಿದಳು. ಮತ್ತೆ ಅದೇ ಸನ್ನೆ. ಆಗ ಅವಳು ಅಲ್ಯುಮಿನಿಯಂ ಬೋಗುಣಿಯನ್ನು ಬಡಿಯುತ್ತ ಹಕ್ಕಿಗಳ ನಡುವಿನಿಂದಲೇ ನಮ್ಮತ್ತ ಓಡಿಬಂದಳು. ಇಡೀ ಹಿಂಡು ಭರ್ರನೆ ಎದ್ದುಹೋಯಿತು. ನನಗೆ ಸಿಟ್ಟು ನೆತ್ತಿಗೇರಿತು.

"ಹಕ್ಕಿಗೆ ರೆಕ್ಕೆ ಉಂಟು. ನಿಮ್ಗೆ ಎಂತ ಉಂಟು? ಹಿಂದೆ ನೋಡು ತಂಗಿ."

ತಿರುಗಿ ನೋಡಿದೆ. ನಾವು ದಾಟಿ ಬಂದ ಜಾಗದಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ, ಸದ್ದಿಲ್ಲದೆ ಒಳನಾಡಿನ ಕಡೆ ಹರಿಯುತ್ತಿತ್ತು. ಉಬ್ಬರದ ನೀರು ದಿಬ್ಬದ ಎದುರಿನಿಂದ ಬರುತ್ತದೆಂದುಕೊಂಡಿದ್ದೆ. ಅದು ಮೊದಲು ಬೆನ್ನ ಹಿಂದೆ ತುಂಬಿತ್ತು.

ಅಜ್ಜಿ ಚಿಕ್ಕವಳನ್ನು ಹೆಗಲ ಮೇಲೆ ಕೂರಿಸಿಕೊಂಡಳು. ದೊಡ್ಡವಳನ್ನು ನಡುವೆ ಹಿಡಿದೆವು. "ಹೆಜ್ಜೆ ಎತ್ಬೇಡ, ಎಳೀತಾ ಬಾ" ಎಂದಳು. ಬಳಚು ಅಗೆದ ಹೊಂಡಗಳು ತಳದಲ್ಲೆಲ್ಲ ಇದ್ದವು. ಅವು ಎಲ್ಲೆಲ್ಲಿವೆ ಎಂದು ಅಗೆದವಳಿಗೆ ಮಾತ್ರ ಗೊತ್ತು. ನೀರು ನನ್ನ ಸೊಂಟಕ್ಕೆ ಬಂತು, ಎದೆಗೆ ಬಂತು. ದೊಡ್ಡವಳ ಕಾಲು ನೆಲ ಬಿಟ್ಟಿತು. ಅವಳ ತೋಳನ್ನು ನಾನು ಹಿಡಿದ ಗುರುತು ಮೂರು ದಿನ ಉಳಿದಿತ್ತು. ಒಮ್ಮೆ ನನ್ನ ಕಾಲು ಹೊಂಡದ ಅಂಚಿಗೆ ಜಾರಿದಾಗ ಅಜ್ಜಿ ತಿರುಗದೆಯೇ, "ಎಡಕ್ಕೆ" ಎಂದಳು. ಅಷ್ಟೇ.

ದಂಡೆ ಸೇರಿದ ಮೇಲೆ ಬಯ್ದಳು. "ಮೂರು ಜನ, ಆರು ಕಣ್ಣು, ಎಲ್ಲಾ ಒಂದೇ ಬದಿಗೆ. ಹೊಳೇಲಿ ಹಂಗೆ ಮಾಡೂದಾ?"

ಬಳಚು ತೆಗೆಯುವ ಹೆಂಗಸರು ಗುಂಪಾಗಿ ಹೋದಾಗ ಒಬ್ಬಳು ಕೆಸರಿಗೆ ಬಗ್ಗುವುದೇ ಇಲ್ಲವಂತೆ. ನೀರು ಬರುವ ಕಡೆ ಮುಖ ಮಾಡಿ ನಿಂತೇ ಇರುತ್ತಾಳೆ. ಅವಳ ಪಾಲಿನ ಬಳಚನ್ನು ಉಳಿದವರು ತಮ್ಮ ಬುಟ್ಟಿಯಿಂದ ಹಾಕುತ್ತಾರೆ. ಆ ದಿನದ ಪಾಳಿ ಅಜ್ಜಿಯದಾಗಿತ್ತು. ಉಳಿದವರನ್ನು ದಂಡೆಗೆ ಕಳಿಸಿ ಅವಳು ನಮ್ಮತ್ತ ಬಂದಿದ್ದಳು.

ಮರುವಾರ ಒಬ್ಬಳೇ ಹೋಗಿ, ಮಕ್ಕಳನ್ನು ಶಾಲೆಗೆ ಸೇರಿಸುತ್ತೇನೆ, ಇನ್ನು ಹೊಳೆಯ ಕಡೆ ಕರೆತರುವುದಿಲ್ಲ ಎಂದೆ. ಅಜ್ಜಿ ಬಳಚಿನ ಬಾಯಿ ಬಿಡಿಸುತ್ತ ಕೂತಿದ್ದಳು.

"ಶಾಲೆಗೆ ಹಾಕೂದಾದ್ರೆ ಹಾಕು. ಹೊಳೆ ಬಿಡಿಸ್ಬೇಡ. ಈಗ ಬಿಡ್ಸಿದ್ರೆ ಆ ದೊಡ್ಡ ಮಗೀಗೆ ಹೊಳೆ ಅಂದ್ರೆ ಅದೊಂದೇ ದಿನ ಆತು."

ನಾವು ಶಾಲೆಗೆ ಹಾಕಲಿಲ್ಲ. ಹೊಳೆಯನ್ನೂ ಬಿಡಲಿಲ್ಲ. ಆದರೆ ಸುಮ್ಮನಿರು ಎಂದು ಅಜ್ಜಿಗೆ ಎರಡು ಸಲ ಸನ್ನೆ ಮಾಡಿದ್ದಕ್ಕೆ ಕ್ಷಮೆ ಕೇಳಬೇಕೆಂದುಕೊಳ್ಳುತ್ತಲೇ ದಿನ ತಳ್ಳಿದೆ. ಕಳೆದ ಮಳೆಗಾಲದಲ್ಲಿ ನಾಲ್ಕು ದಿನದ ಜ್ವರಕ್ಕೆ ಅಜ್ಜಿ ಹೋಗಿಬಿಟ್ಟಳು.

ಈಗ ನಮ್ಮಲ್ಲೂ ಪಾಳಿಯಿದೆ. ಈ ಚಳಿಗಾಲದ ಒಂದು ಬೆಳಿಗ್ಗೆ ದೊಡ್ಡವಳ ಸರದಿ. ಅವಳು ಎರಡು ವರ್ಷದಿಂದ ನೋಡಬೇಕೆಂದು ಕಾದಿದ್ದ ಬಿಳಿಹೊಟ್ಟೆಯ ಕಡಲ ಹದ್ದು ಅಂದೇ ಅವಳ ಬೆನ್ನ ಹಿಂದೆ, ನಮ್ಮೆದುರು ಎರಗಿ ಮೀನನ್ನು ಎತ್ತಿತು. ಚಿಕ್ಕವಳು ಕುಣಿದಳು. ನಾನು ದೊಡ್ಡವಳತ್ತ ನೋಡಿದೆ.

"ಅಮ್ಮಾ, ದೊಡ್ಡ ಮೀನಾ?" ಎಂದು ಕೇಳಿದಳು ದೊಡ್ಡವಳು, ಬರುವ ನೀರಿನಿಂದ ಮುಖ ತಿರುಗಿಸದೆ.